ಮೊಳದ ಮೇಲೊಂದು ಕೊಸರು

ಮರಿಸ್ವಾಮಿ ಮೇಷ್ಟ್ರನ್ನು ಮಾದನಕೊಪ್ಪಲಿನ ಸುತ್ತಮುತ್ತ ಯಾರೂ ಮರಿಸ್ವಾಮಿ ಮೇಷ್ಟ್ರು ಅಂತ ಕರೆಯುವುದಿಲ್ಲ. ಮೊಳದ ಮೇಷ್ಟ್ರು ಅನ್ನುತ್ತಾರೆ. ಹೊಸದಾಗಿ ಆ ಊರಿಗೆ ಬಂದ ಸೊಸೆಯರು ಇದನ್ನು ಕೇಳಿ, ಪಾಪ, ಮೊದಲು ಹೂವಿನ ವ್ಯಾಪಾರ ಮಾಡಿಕೊಂಡಿದ್ದು ಆಮೇಲೆ ಮೇಷ್ಟ್ರಾದರೇನೋ ಅಂದುಕೊಳ್ಳುವುದುಂಟು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವರ ಹೆಂಡತಿ ಪಾರ್ವತಮ್ಮನಿಗೆ ನಗು ಬರುತ್ತದೆ. ಯಾಕೆಂದರೆ ಅದು ಹುಟ್ಟಿದ್ದು ಅವಳ ಹಿತ್ತಿಲಿನಲ್ಲಿ, ಅದೂ ಅವಳೇ ಕಟ್ಟಿಕೊಟ್ಟ ಎಲೆಅಡಿಕೆಯಿಂದ.

ಮೇಷ್ಟ್ರು ಬೂಕನಕೆರೆಯ ಒಕ್ಕಲು ಮನೆಯವರು. ಅಣ್ಣತಮ್ಮಂದಿರು ಗದ್ದೆಗೆ ಇಳಿದರೆ ಇವರು ಮೈಸೂರಿಗೆ ಹೋಗಿ ಲೆಕ್ಕ ಓದಿಕೊಂಡು ಬಂದರು. ಪಾರ್ವತಮ್ಮ ನಾಗಮಂಗಲದ ಕಡೆಯವಳು, ನಾಲ್ಕನೇ ಕ್ಲಾಸಿಗೆ ಸ್ಲೇಟು ಒಡೆಯಿತು, ಅಪ್ಪ ಇನ್ನೊಂದು ತಂದುಕೊಡಲಿಲ್ಲ, ಅಲ್ಲಿಗೆ ಓದು ಮುಗಿಯಿತು. ಆದರೆ ಕೇಳಿಸಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸಂಜೆ ಮೇಷ್ಟ್ರು ಶಾಲೆಯಿಂದ ಬಂದು ಕಾಲು ತೊಳೆದುಕೊಂಡು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತರೆ, ಅವತ್ತು ಯಾವ ಮಗು ಏನು ಕೇಳಿತು, ಯಾರು ತೂಕಡಿಸಿದರು, ಎಲ್ಲ ಹೇಳಬೇಕು. ಅವಳು ಮುದ್ದೆ ತೊಳಸುತ್ತಲೇ ಹೂಂಗುಟ್ಟುವಳು. ಅವಳ ಹೂಂ ಬರಿಯ ಹೂಂ ಅಲ್ಲ. ಹೇಳಿದ್ದು ಒಳಗೆ ಹೋಗಿ ಕೂತಿತು ಅಂತ ಅದರ ಅರ್ಥ.

ಹಳೆಯ ಸೇರು, ಬಳ್ಳ ಹೋಗಿ ಕಿಲೋ, ಲೀಟರು ಬಂದು, ಅವು ಇನ್ನೂ ಜನರ ನಾಲಿಗೆಗೆ ಒಗ್ಗದೆ ಇದ್ದ ಕಾಲ ಅದು. ಕೃಷ್ಣರಾಜಪೇಟೆ ತಾಲ್ಲೂಕಿನ ಆ ಮೂಲೆಯ ಊರಿಗೆ ಕರೆಂಟು ಬಂದಿರಲಿಲ್ಲ, ಹೈಸ್ಕೂಲು ಮಾತ್ರ ಬಂದಿತ್ತು. ಒಂಬತ್ತನೇ ಕ್ಲಾಸಿಗೆ ಕಾಲಿಟ್ಟ ಮಕ್ಕಳು ಗಣಿತದ ಸೆಕ್ಷನ್ನೋ ಚರಿತ್ರೆಯ ಸೆಕ್ಷನ್ನೋ ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಗಣಿತ ತೆಗೆದುಕೊಂಡವರಲ್ಲಿ ಹೆಚ್ಚಿನವರು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದರು. "ಲೆಕ್ಕ ತಗಂಡೋನು ಕೆಟ್ಟ, ಚರಿತ್ರೆ ತಗಂಡೋನು ಗೆದ್ದ" ಅನ್ನುವ ಮಾತು ಊರ ಜಗಲಿಗಳ ಮೇಲೆ ಗಾದೆಯಾಗಿಬಿಟ್ಟಿತ್ತು.

ಜೂನ್ ತಿಂಗಳಲ್ಲಿ ಒಂದು ದಿನ ಮೇಷ್ಟ್ರು ಮಂಕಾಗಿ ಮನೆಗೆ ಬಂದರು. ಹೆಡ್‌ಮಾಸ್ಟರು ಶಿವಲಿಂಗಯ್ಯನವರು ಕರೆದು ಹೇಳಿದ್ದರು: "ಮರಿಸ್ವಾಮಿ, ಮೇಲಿನಿಂದ ಆರ್ಡರು ಬಂದಿದೆ. ಜುಲೈ ಮುಗಿಯೋದರೊಳಗೆ ಗಣಿತಕ್ಕೆ ಹತ್ತು ಮಕ್ಕಳಾಗದಿದ್ರೆ ಸೆಕ್ಷನ್ ಮುಚ್ಚಬೇಕು. ನಿಮ್ಮನ್ನ ಎಲ್ಲಿಗೆ ಹಾಕ್ತಾರೋ ನನಗೆ ಗೊತ್ತಿಲ್ಲ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

"ಈಗ ಎಷ್ಟು ಜನ ಅವ್ರೆ?" ಪಾರ್ವತಮ್ಮ ಕೇಳಿದಳು.

"ಕೈ ಎತ್ತಿ ಅಂದೆ. ಮೂರು ಕೈ ಮೇಲಕ್ಕೆ ಹೋದವು. ಅದರಲ್ಲಿ ಒಂದು ಕೈ ನೀರು ಕುಡಿಯಕ್ಕೆ ಹೋಗ್ಬೇಕು ಅಂತ ಎತ್ತಿದ್ದು."

ಪಾರ್ವತಮ್ಮ ನಕ್ಕಳು. ಮೇಷ್ಟ್ರು ನಗಲಿಲ್ಲ. "ನನ್ನ ವರ್ಗ ಆದ್ರೆ ಆಗಲಿ, ಗಂಟುಮೂಟೆ ಕಟ್ಕೊಂಡು ಹೋಗೋಣ. ಈ ಸೆಕ್ಷನ್ ಒಂದ್ಸಲ ಮುಚ್ಚಿದ್ರೆ ಮತ್ತೆ ತೆಗೆಯಲ್ಲ ಕಣೆ. ಓವರ್‌ಸೀಯರ್ ಆಗ್ಬೇಕು ಅನ್ನೋ ಮಗು ಪೇಟೆಗೋ ಮಂಡ್ಯಕ್ಕೋ ಹೋಗಿ ಓದ್ಬೇಕು. ಯಾರಪ್ಪ ಕಳಿಸ್ತಾನೆ? ಆ ಹೂವಿನ ಮುತ್ತಮ್ಮನ ಮಗಳು ಚಿಕ್ಕಬೋರಮ್ಮ ಇದ್ದಾಳಲ್ಲ, ಮೊದಲು ಕೈ ಎತ್ತಿದವಳು ಅವಳೇ. ಅವಳನ್ನ ಯಾರು ಕಳಿಸ್ತಾರೆ?"

ಮುತ್ತಮ್ಮ ಬಸ್ಸು ನಿಲ್ಲುವ ಅರಳಿಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಹೂವು ಮಾರುವವಳು. ಗಂಡ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಪಾರ್ವತಮ್ಮನ ಮುಡಿಗೆ ದಿನಾ ಅವಳ ಹೂವೇ.

ಆ ಭಾನುವಾರ ಮೇಷ್ಟ್ರು ನಾಲೆಯ ಕಡೆ ಹೋಗಿ ಬಹಳ ಹೊತ್ತು ಕೂತಿದ್ದರು. ಹೇಮಾವತಿಯ ಹಳೆಯ ನಾಲೆ ಅದು. ಊರ ಹಿಂದೆ ತೂಬಿನ ಹತ್ತಿರ ನೀರು ಎದೆಯೆತ್ತರದಿಂದ ಧುಮುಕುತ್ತದೆ. ಮನೆಗೆ ಬಂದವರೇ ತಮ್ಮ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಹಿಂದಿನ ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಚಕ್ರಕ್ಕೆ ಆತುಕೊಂಡಿದ್ದ ಡೈನಮೋ ಗುಂಯ್‌ಗುಟ್ಟಿತು, ಮುಂದಿನ ದೀಪ ಮಿಣಕ್ ಅಂದಿತು.

"ಪಾರ್ವತಿ, ಆ ಸೀಮೆಎಣ್ಣೆ ಡಬ್ಬ ಬೇಕಲ್ಲ."

"ಅದ್ರಲ್ಲಿ ಅಕ್ಕಿ ಐತಲ್ಲ."

"ಅಕ್ಕಿ ಸುರಿದುಬಿಡು."

"ಎಲ್ಲಿಗೆ ಸುರೀಲಿ, ನಿಮ್ಮ ತಲೆ ಮೇಲಾ?" ಅನ್ನುತ್ತಲೇ ಅವಳು ಅಕ್ಕಿಯನ್ನು ಮಡಕೆಗೆ ತುಂಬಿ ಡಬ್ಬ ಕೊಟ್ಟಳು. ಅದಾದ ಮೇಲೆ ಅವಳ ಹಿತ್ತಿಲ ಹಗ್ಗ ಹೋಯಿತು, ಒನಕೆ ಹೋಯಿತು, ಮಳೆಗಾಲಕ್ಕೆ ಅಂತ ಎತ್ತಿಟ್ಟಿದ್ದ ಕರಿಯ ಕಂಬಳಿಯೂ ಹೋಯಿತು.

ಮೇಷ್ಟ್ರು ಕ್ಲಾಸಿನಲ್ಲಿ ಲೆಕ್ಕದ ಸುದ್ದಿಯನ್ನೇ ಎತ್ತಲಿಲ್ಲ. "ಊರಿಗೆ ಕರೆಂಟು ಯಾವತ್ತು ಬರುತ್ತೋ ಕಾಣೆ. ನಾಲೆ ನೀರಿಗೆ ಚಕ್ರ ಕಟ್ಟಿ ನಾವೇ ಒಂದು ಬಲ್ಬು ಹತ್ತಿಸೋಣ. ಯಾರು ಬರ್ತೀರ್ರಪ್ಪ?" ಅಂದರು. ಮುಂದಿನ ಭಾನುವಾರ ಪಾರ್ವತಮ್ಮನ ಹಿತ್ತಿಲು ತುಂಬಿಹೋಯಿತು.

ಬಂದವರಲ್ಲಿ ಜಮೀನ್ದಾರರ ಮನೆಯ ಚಿಕ್ಕಸ್ವಾಮಣ್ಣನ ಮಗ ತಮ್ಮಯ್ಯನೇ ಮುಂದಾಳು. ಉದ್ದ ಕೈಕಾಲಿನ ಹುಡುಗ, ಬಾಯಿ ಅದಕ್ಕಿಂತ ಉದ್ದ. ಚಿಕ್ಕಬೋರಮ್ಮನೂ ಇನ್ನಿಬ್ಬರು ಹೆಣ್ಣುಮಕ್ಕಳೂ ಮೊದಲು ಬೇಲಿಯ ಹತ್ತಿರ ನಿಂತಿದ್ದರು, ಆಮೇಲೆ ಒಳಗೆ ಬಂದರು. ಮೇಷ್ಟ್ರು ದುಂಡನೆಯ ಒಂದು ಹಲಗೆಯ ನಡುವಿಗೆ ಮೊಳೆ ಹೊಡೆದರು. ಆ ಮೊಳೆಗೆ ಒಂದು ದಾರ ಕಟ್ಟಿ, ದಬ್ಬೆ ಎಲ್ಲಿಗೆ ಮುಗಿಯಬೇಕೋ ಅಲ್ಲಿಗೆ ದಾರದ ಇನ್ನೊಂದು ತುದಿಗೆ ಗಂಟು ಹಾಕಿದರು. ಹಲಗೆಯ ಸುತ್ತ ಬಿದಿರಿನ ದಬ್ಬೆಗಳನ್ನು ಹೂವಿನೆಸಳಿನ ಹಾಗೆ ಕೂರಿಸಬೇಕು, ದಬ್ಬೆಯ ತುದಿಗೆ ಡಬ್ಬದ ತಗಡು ಬಡಿಯಬೇಕು. ಅಷ್ಟು ಹೊತ್ತಿಗೆ ಊಟವಾಯಿತು, ಪಾರ್ವತಮ್ಮ ಎಲೆಅಡಿಕೆ ಕೊಟ್ಟಳು. ಮೇಷ್ಟ್ರು ಬಾಯಿತುಂಬ ಹಾಕಿಕೊಂಡು ಅಗಿಯುತ್ತಿರುವಾಗಲೇ ಹೆಡ್‌ಮಾಸ್ಟರು ಕರೆಯುತ್ತಾರೆ ಅಂತ ಜವಾನ ಬಂದು ನಿಂತ. ಮೇಷ್ಟ್ರು ರಸ ಅಂಗಿಯ ಮೇಲೆ ಚೆಲ್ಲದ ಹಾಗೆ ಗದ್ದ ಮೇಲೆತ್ತಿ, ದಬ್ಬೆಗಳ ಕಡೆ ಕೈತೋರಿಸಿ, "ಎಲ್ಲಾನೂ ಮೊಳೆಯಿಂದ ಅಳ್ದು ಕುಯ್ರಿ, ಒಂದೇ ಸಮ ಇರ್ಬೇಕು" ಅಂದು ಹೊರಟುಹೋದರು.

ಅವರು ಅಂದದ್ದು ಅದು. ಆದರೆ ಎಲೆ, ಅಡಿಕೆ, ಸುಣ್ಣ ಮೂರನ್ನೂ ದಾಟಿ ಮಕ್ಕಳ ಕಿವಿಗೆ ಬಂದದ್ದು "ಎಲ್ಲಾನೂ ಮೊಳ್ದಿಂದ ಅಳ್ದು ಕುಯ್ರಿ" ಅಂತ. ಪಾರ್ವತಮ್ಮನ ಕಿವಿಗೂ ಹಾಗೇ ಬಂತು.

ಮೊಳ ಅಂದರೆ ಯಾರಿಗೆ ಗೊತ್ತಿಲ್ಲ? ಮೊಣಕೈಯಿಂದ ನಡುಬೆರಳಿನ ತುದಿಗೆ ಒಂದು ಮೊಳ. ಮಕ್ಕಳು ಒಬ್ಬೊಬ್ಬರೂ ಒಂದೊಂದು ದಬ್ಬೆಯ ಮೇಲೆ ಕೈ ಚಾಚಿಕೊಂಡು ಗುರುತು ಮಾಡಿ ಕೊಯ್ದರು. ಮೇಷ್ಟ್ರು ಕಟ್ಟಿದ್ದ ದಾರವನ್ನು ಬಿಚ್ಚಿ ದಬ್ಬೆ ಬಿಗಿಯುವುದಕ್ಕೆ ಉಪಯೋಗಿಸಿದರು.

"ಒಂದೇ ಸಮ ಇರ್ಬೇಕು ಅಂದವ್ರೆ ಕಣ್ಲಾ," ಅಂತ ಒಬ್ಬ ಎಚ್ಚರಿಸಿದ.

"ಒಂದೇ ಸಮನೇ ಕಣ್ಲಾ, ಎಲ್ಲಾ ಒಂದೊಂದ್ ಮೊಳ!" ಅಂದ ತಮ್ಮಯ್ಯ.

ಮೇಷ್ಟ್ರು ಬರುವ ಹೊತ್ತಿಗೆ ಮಬ್ಬುಗತ್ತಲೆ. ಚಕ್ರ ಗೋಡೆಗೆ ಒರಗಿ ನಿಂತಿತ್ತು, ಅದರ ಮೇಲೆ ಕಂಬಳಿ ಹೊದಿಸಿತ್ತು. ಅವರು ಮೇಲಿನಿಂದಲೇ ತಟ್ಟಿ ನೋಡಿ ಸಂತೋಷಪಟ್ಟರು.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ನಾಲೆಯ ಮೇಲೆ ಅರ್ಧ ಊರು ಸೇರಿತು. ಪಾರ್ವತಮ್ಮನೂ ನೀರಿಗೆ ಬಂದವಳ ಹಾಗೆ ಬಿಂದಿಗೆ ಹಿಡಿದುಕೊಂಡು ಬಂದು ನಿಂತಳು. ಒನಕೆಯನ್ನೇ ಅಚ್ಚು ಮಾಡಿ ಚಕ್ರವನ್ನು ಎರಡು ಕವೆಗೂಟದ ಮೇಲೆ ಕೂರಿಸಿ ನೀರಿಗೆ ಒಡ್ಡಿದರು. ಚಕ್ರ ಒಂದು ಸಲ ಮೈಮುರಿಯಿತು, ಅರ್ಧ ಸುತ್ತು ಬಂತು. ಉದ್ದನೆಯ ದಬ್ಬೆ ನಾಲೆಯ ತಳಕ್ಕೆ ಡಬ್ ಅಂತ ಹೊಡೆದು ನಿಂತಿತು. ಹಿಂದಿನಿಂದ ನೀರು ತಳ್ಳಿತು. ಮತ್ತೆ ನೆಗೆಯಿತು, ಗಿಡ್ಡ ದಬ್ಬೆಗಳು ನೀರು ಮುಟ್ಟದೆ ಗಾಳಿಯಲ್ಲಿ ಆಡಿದವು, ಮತ್ತೆ ಉದ್ದನೆಯದು ಬಂದು ಡಬ್. ಮೂರನೆಯ ಏಟಿಗೆ ಎದ್ದ ನೀರು ಹೆಡ್‌ಮಾಸ್ಟರ ಪಂಚೆಯನ್ನು ಪೂರ್ತಿ ತೋಯಿಸಿತು. ನಾಲ್ಕನೆಯದಕ್ಕೆ ಚಕ್ರ ಗೂಟ ಬಿಟ್ಟು ನೀರಿಗೆ ಬಿದ್ದು, ಬಟ್ಟೆ ಒಗೆಯುವ ಹೆಂಗಸರ ಮಧ್ಯದಿಂದ ತೇಲಿಕೊಂಡು ಹೊರಟಿತು. ಹುಡುಗರು ಓಡಿಹೋಗಿ ಹಿಡಿದು ತಂದರು.

ಚಿಕ್ಕಸ್ವಾಮಣ್ಣ ಏರಿಯ ಮೇಲಿನಿಂದ ಕೂಗಿದ: "ಮೇಷ್ಟ್ರೇ, ಇದು ಚಕ್ರನೋ ಕುಂಟೆತ್ತೋ? ನಿಮ್ ಲೆಕ್ಕ ಆಟಕ್ಕುಂಟು, ಲೆಕ್ಕಕ್ಕಿಲ್ಲ ಬುಡಿ!"

ಜನ ಹೋ ಅಂದರು. ಮೇಷ್ಟ್ರು ಮಾತ್ರ ಚಕ್ರವನ್ನು ಮರಳ ಮೇಲೆ ಮಲಗಿಸಿ ಮೊಟ್ಟೆಯಾಕಾರದ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ತಮ್ಮಯ್ಯ, ಈ ದಬ್ಬೆ ಯಾಕಪ್ಪ ಇಷ್ಟುದ್ದ?"

"ಒಂದ್ಮೊಳ ಸಾ."

"ಮತ್ತೆ ಇದು?"

"ಅದು ನಂದು ಸಾ," ಅಂದಳು ಚಿಕ್ಕಬೋರಮ್ಮ. "ಅದೂ ಒಂದ್ಮೊಳನೇ ಸಾ."

"ಮೊಳದಲ್ಲಿ ಅಳೀರಿ ಅಂತ ಯಾರಂದೋರು?"

"ನೀವೇ ಸಾ!" ಅಂದರು ಎಲ್ಲರೂ ಒಟ್ಟಿಗೆ.

ಮೇಷ್ಟ್ರು ತಲೆ ಚಚ್ಚಿಕೊಂಡರು. "ಮೊಳೆ ಅಂದೆ ಕಣ್ರೋ! ಮೊಳೆ! ನಡುವೆ ಹೊಡೆದಿದ್ನಲ್ಲ, ಆ ಮೊಳೆ!"

ಪಾರ್ವತಮ್ಮ ಬಿಂದಿಗೆಯನ್ನು ಕೆಳಗಿಟ್ಟು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ. "ಎಲೆಅಡಿಕೆ ಉಗಿದು ಮಾತಾಡಿ ಅಂತ ಬಡ್ಕೊತೀನಲ್ಲ, ಕೇಳ್ತೀರಾ?" ಅಂದುಬಿಟ್ಟಳು, ಊರವರ ಮುಂದೆಯೇ. ಆ ದಿನ ಇಟ್ಟ ಹೆಸರು, ಮೊಳದ ಮೇಷ್ಟ್ರು ಅಂತ. ಇನ್ನೂ ಹೋಗಿಲ್ಲ.

ಜನ ಚೆದುರಿದರು, ಮಕ್ಕಳು ಚೆದುರಲಿಲ್ಲ. ಅವರಿಗೆ ಜಗಳ ಹತ್ತಿಕೊಂಡಿತ್ತು. "ನನ್ ಮೊಳನೇ ಸರಿ" ಅಂತ ತಮ್ಮಯ್ಯ, "ನಿಂದು ಮಂಗನ್ ಕೈ ಕಣ್ಲಾ" ಅಂತ ಇನ್ನೊಬ್ಬ. ಮೇಷ್ಟ್ರು ಬೈಯಲಿಲ್ಲ, ಬಿಡಿಸಲೂ ಇಲ್ಲ. "ಯಾರ ಮೊಳ ಸರಿ ಅಂತ ನೀವೇ ತೀರ್ಮಾನ ಮಾಡ್ರಪ್ಪ" ಅಂದು ಕೂತರು. ಹೊತ್ತು ಮುಳುಗುವವರೆಗೂ ತೀರ್ಮಾನವಾಗಲಿಲ್ಲ. ಆಗ ಮರಳಿನಲ್ಲಿ ಒಂದು ಗೂಟ ನೆಟ್ಟು, ದಾರ ಕಟ್ಟಿ, ದಾರದ ತುದಿಯನ್ನು ಚಿಕ್ಕಬೋರಮ್ಮನ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿದುಕೊಂಡು ಸುತ್ತು ಬಾ ಅಂದರು. ಅವಳ ಹೆಬ್ಬೆರಳು ಗೀಚಿದ್ದು ತಟ್ಟೆಯ ಹಾಗೆ ದುಂಡಗೆ ಬಂತು. ತಮ್ಮಯ್ಯನಿಗೆ ಕೊಟ್ಟರು. ಅದೇ ಗೆರೆಯ ಮೇಲೆ ಬಂತು.

"ನೋಡಿದ್ರಾ? ಹಿಡಿದೋರ ಕೈ ಉದ್ದವೋ ಗಿಡ್ಡವೋ, ದಾರ ಕೇಳೋದೇ ಇಲ್ಲ," ಅಂದರು ಮೇಷ್ಟ್ರು.

ಅವತ್ತಿನಿಂದ ಹುಡುಗರ ಜೇಬಿನಲ್ಲೆಲ್ಲ ದಾರ. ಬಾವಿಯ ಬಾಯಿ, ಬಂಡಿಯ ಚಕ್ರ, ಪಾರ್ವತಮ್ಮನ ರೊಟ್ಟಿಯ ಹೆಂಚು, ದುಂಡಗಿದ್ದದ್ದು ಯಾವುದೂ ಉಳಿಯಲಿಲ್ಲ. ಅಡ್ಡ ಅಳೆದ ದಾರದಿಂದ ಸುತ್ತಲೂ ಅಳೆದರೆ ಸರಿಯಾಗಿ ಮೂರು ಸಲ ಹೋಗಿ ಇನ್ನೂ ಒಂಚೂರು ಉಳಿಯುತ್ತಿತ್ತು. ಬಾವಿಗೂ ಹಾಗೇ, ಹೆಂಚಿಗೂ ಹಾಗೇ.

"ಈ ಉಳಿಯೋ ಒಂಚೂರನ್ನ ಏನನ್ನೋಣ ಅಂತ ಕೇಳಿದೆ," ಅಂದರು ಮೇಷ್ಟ್ರು ಒಂದು ಸಂಜೆ ಒಲೆಯ ಮುಂದೆ. "ಚಿಕ್ಕಬೋರಮ್ಮ ಥಟ್ ಅಂತ 'ಕೊಸರು ಸಾ' ಅಂದಳು. ಹೂವಿನವಳ ಮಗಳಲ್ವಾ, ಅಳತೆ ಮೇಲೆ ಒಂದಿಷ್ಟು ಬಿಟ್ಟಿ ಹಾಕೋದು ಗೊತ್ತಲ್ಲ!"

"ಹೂಂ," ಅಂದಳು ಪಾರ್ವತಮ್ಮ.

ಹೊಸ ಚಕ್ರ ಮೊಳೆಯಿಂದ ಅಳೆದು ಮಾಡಿದ್ದು. ನೀರಿಗೆ ಒಡ್ಡಿದರೆ ಗಾಣದ ಎತ್ತಿನ ಹಾಗೆ ಒಂದೇ ಸಮನೆ ತಿರುಗಿತು. ಅದೇ ಅಚ್ಚಿಗೆ ಮೇಷ್ಟ್ರ ಸೈಕಲ್ಲಿನ ಹಿಂದಿನ ಚಕ್ರ ಸೇರಿಸಿ, ಅದಕ್ಕೆ ಡೈನಮೋ ಆನಿಸಿದರು. ಅಷ್ಟು ದಿನವೂ ಮೇಷ್ಟ್ರು ಶಾಲೆಗೆ ನಡೆದೇ ಹೋದರು. ದೊಡ್ಡ ಚಕ್ರ ಒಂದು ಸುತ್ತು ಬಂದರೆ ಡೈನಮೋದ ಪುಟ್ಟ ಗಾಲಿ ಎಷ್ಟು ಸುತ್ತು ಬರುತ್ತದೆ? ಎಣಿಸಲು ಹೋದರೆ ಕಣ್ಣಿಗೆ ನಿಲುಕುವುದಿಲ್ಲ. "ಕಣ್ಣಿಗೆ ನಿಲುಕದ್ದನ್ನ ಲೆಕ್ಕದಲ್ಲಿ ಹಿಡೀರಿ," ಅಂದರು ಮೇಷ್ಟ್ರು. ಮಕ್ಕಳು ನಾಲೆಯ ಏರಿಯ ಮೇಲೆ ಬೋರಲು ಮಲಗಿಕೊಂಡು, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಭಾಗಿಸಿ, ಇಪ್ಪತ್ತಾರು ಅಂತ ಹಿಡಿದರು. ಹೆದರಿ ಓಡುತ್ತಿದ್ದವರೇ ಈಗ ನಾನು ನಾನು ಅಂತ ಸೀಮೆಸುಣ್ಣಕ್ಕೆ ಕಿತ್ತಾಡಿದರು.

ಬಲ್ಬು ಹತ್ತಿತು. ಆದರೆ ಬಿಸಿಲಿನಲ್ಲಿ ಅದು ಹತ್ತಿದ್ದು ಯಾರಿಗೂ ಕಾಣಲಿಲ್ಲ. ಅದಕ್ಕೆ ಪಾರ್ವತಮ್ಮನ ಕಂಬಳಿ. ಬಲ್ಬಿನ ಮೇಲೆ ಕಂಬಳಿಯನ್ನು ಗುಡಾರದ ಹಾಗೆ ಇಳಿಬಿಟ್ಟು, ಒಬ್ಬೊಬ್ಬರೂ ತಲೆ ಒಳಗೆ ತೂರಿಸಿ ನೋಡಬೇಕು. ಹೊರಗಿನಿಂದ ನೋಡಿದವರಿಗೆ ಕಾಣುವುದು ನೋಡುವವರ ಹಿಂಭಾಗ ಮಾತ್ರ. ಹೆಡ್‌ಮಾಸ್ಟರು ಶಿವಲಿಂಗಯ್ಯನವರೂ ತಲೆ ತೂರಿಸಿದರು. ಹೊರಗೆ ಬಂದಾಗ ಕೂದಲು ಕೆದರಿತ್ತು, ಕನ್ನಡಕ ಸೊಟ್ಟಗಾಗಿತ್ತು. ಇನ್ನೊಂದು ಸಲ ಒಳಗೆ ಹೋದರು.

ಆ ವಾರ ತಮ್ಮಯ್ಯ ಗಣಿತಕ್ಕೆ ಹೆಸರು ಬರೆಸಿದ. ಮೂರು ಐದಾಯಿತು, ಎಂಟಾಯಿತು, ಜುಲೈ ಮುಗಿಯಲು ಇನ್ನೂ ನಾಲ್ಕು ದಿನವಿರುವಾಗ ಹತ್ತಾಯಿತು. ಪಾರ್ವತಮ್ಮ ಅವತ್ತು ಪಾಯಸ ಮಾಡಿದಳು.

ಪಾಯಸದ ಪಾತ್ರೆ ತೊಳೆದಿಡುವ ಮುಂಚೆಯೇ ಮುತ್ತಮ್ಮ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಅವಳು ಬುಟ್ಟಿಯಿಲ್ಲದೆ ಬಂದದ್ದನ್ನು ಪಾರ್ವತಮ್ಮ ಕಂಡೇ ಇರಲಿಲ್ಲ.

"ಮೇಷ್ಟ್ರಮ್ಮಾರೆ, ನಿಮ್ಮೆಜಮಾನ್ರು ಅವ್ರಾ? ಒಸಿ ಕರೀರಿ."

"ಕೂತ್ಕೋ ಮುತ್ತಮ್ಮ, ಏನಾಯ್ತು?"

"ಕೂರಕ್ಕೆ ಬಂದಿಲ್ಲ ಕನವ್ವ. ನಾನು ಕೂಸಾಗಿದ್ದಾಗಿಂದ ಹೂವ ಮಾರ್ತಾ ಇವ್ನಿ. ನಿನ್ ಮೊಳ ಗಿಡ್ಡ ಅಂತ ಒಬ್ರು ಒಂದ್ ಮಾತ ಅಂದಿದ್ರಾ? ಮೊದ್ಲೇ ಆಸಾಡ, ಮದ್ವೆ ಇಲ್ಲ ಮುಂಜಿ ಇಲ್ಲ, ವ್ಯಾಪಾರ ಬಿದ್ದೋಗದೆ. ಇವತ್ತು ಆ ಚಿಕ್ಕಸ್ವಾಮಣ್ಣನ ಮಗ ಉಡುಗ್ರ ಗುಂಪು ಕಟ್ಕಂಡು ಬಂದು, ನನ್ ಮೊಳದ ಮ್ಯಾಲೆ ಒಂದೂವರೆ ಅಡಿ ದಾರ ಮಡಗಿ, 'ಮೊಳ ಅಂದ್ರೆ ಇಷ್ಟಿರ್ಬೇಕು, ಎಲ್ಡು ಬೆಳ್ಳು ಕಮ್ಮಿ ಐತೆ' ಅಂತ ಬಸ್ ಕಾಯೋರ ಮುಂದೆಲ್ಲಾ ಕೂಗ್ತಾನೆ! ಬಸ್ನಿಂದ ಇಳ್ದೋಳೊಬ್ಳು 'ದಾರದಾಗೆ ಅಳ್ದು ಕೊಡು' ಅಂತಾಳೆ. ಆ ದಾರದ ಇನ್ನೊಂದ್ ತುದಿಯ ಯಾರ್ ಇಡ್ಕಂಡಿದ್ರು ಗೊತ್ತಾ? ನಾನೆತ್ತ ಮಗಳು!"

ಅಷ್ಟು ಹೊತ್ತಿಗೆ ಮೇಷ್ಟ್ರು ಹೊಸ್ತಿಲ ಮೇಲೆ ಬಂದು ನಿಂತಿದ್ದರು.

"ಮೇಷ್ಟ್ರೇ, ನಿಮ್ ಲೆಕ್ಕನೂ ಬ್ಯಾಡ, ನಿಮ್ ಲೈಟೂ ಬ್ಯಾಡ. ಎತ್ತವ್ವನ ಮಾನ ಅಳಿಯೋ ಇದ್ಯೆ ನಮ್ಗ್ಯಾಕೆ? ನಮ್ ಉಡ್ಗಿ ಎಸ್ರ ಒಡ್ದಾಕ್ಬುಡಿ."

ಮುತ್ತಮ್ಮ ಸೆರಗು ಬಿಗಿದುಕೊಂಡು ಹೋಗಿಬಿಟ್ಟಳು. ಹತ್ತು ಒಂಬತ್ತಾಯಿತು.

ಆ ಸಂಜೆ ಮೇಷ್ಟ್ರು ಒಲೆಯ ಮುಂದೆ ಕೂತು ಕಡ್ಡಿಯಿಂದ ಬೂದಿ ಕೆದಕಿದರು. "ಇನ್ನೊಂದು ಮಗುವನ್ನ ಹುಡುಕಬಹುದು. ಆದರೆ ಆ ಹುಡುಗಿ ಹೋದಮೇಲೆ ಸೆಕ್ಷನ್ ಉಳಿದು ಏನು?" ಅಂದರು. ಮತ್ತೆ, "ಹುಡುಗರು ಅಳೆದದ್ದು ಸುಳ್ಳಲ್ಲವಲ್ಲ ಪಾರ್ವತಿ. ಅವಳ ಮೊಳ ಗಿಡ್ಡವೇ. ಅಳೀಬೇಡಿ ಅಂತ ನಾನು ಹೇಗೆ ಹೇಳಲಿ?"

ಪಾರ್ವತಮ್ಮ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು.

"ಬಾವಿ ಸುತ್ತ ದಾರ ಮೂರು ಸಲ ಹೋಗಿ ಇನ್ನೇನೋ ಉಳೀತು ಅಂದಿದ್ರಲ್ಲ. ಅದನ್ನ ಆ ಮಗು ಏನಂದಿತ್ತು?"

"ಕೊಸರು ಅಂದಿತ್ತು."

"ಮುತ್ತಮ್ಮನ ಹೂವ ಅಳ್ದೋರು ಕೊಸರು ಸೇರಿಸಿ ಅಳದ್ರೋ, ಬುಟ್ಟು ಅಳದ್ರೋ?"

ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಮುತ್ತಮ್ಮನ ಕೈ ಅಳತೆ ಪಾರ್ವತಮ್ಮನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಬೇರೆಯವರ ಹತ್ತಿರ ಕೊಸರು ಹಾಕಮ್ಮ ಅಂತ ಕೊಸರಾಡಬೇಕು. ಇವಳು ಮೊಳ ಹಾಕಿ, ದಾರ ಹರಿಯುವ ಮುಂಚೆ, ಕೇಳದೆಯೇ ಇನ್ನೊಂದಿಷ್ಟು ಎಳೆದು ಬಿಡುವಳು.

ಮಾರನೆಯ ಬೆಳಗ್ಗೆ ಶಾಲೆಗೆ ಮುಂಚೆ ಮೇಷ್ಟ್ರು ಒಂಬತ್ತು ಮಕ್ಕಳನ್ನೂ ಕರೆದುಕೊಂಡು ಅರಳಿಮರದ ಹತ್ತಿರ ಹೋದರು. ಪಾರ್ವತಮ್ಮನೂ ಜೊತೆಗೆ ಹೋದಳು. ಚಿಕ್ಕಬೋರಮ್ಮ ಬುಟ್ಟಿಯ ಹಿಂದೆ ಕನಕಾಂಬರ ಕಟ್ಟುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಮುತ್ತಮ್ಮ, ಒಂದು ಮೊಳ ಕನಕಾಂಬರ ಕೊಡವ್ವ."

"ದಾರ ತಂದಿದೀರಾ ಮೇಷ್ಟ್ರೇ?"

"ತಂದಿದೀನಿ."

ಮುತ್ತಮ್ಮನ ಮೂಗು ಕೆಂಪಗಾಯಿತು. ಹೂವಿನ ಉಂಡೆ ಬಿಚ್ಚಿ ಮೊಣಕೈಗೆ ಆನಿಸಿ ಬೆರಳ ತುದಿಯವರೆಗೆ ಎಳೆದಳು. ಅಲ್ಲೇ ನಿಲ್ಲಿಸಿದಳು. ಪಾರ್ವತಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಈ ಸಿಟ್ಟಿನಲ್ಲಿ ಇವಳು ಅಷ್ಟಕ್ಕೇ ಹರಿದು ಕೊಟ್ಟುಬಿಟ್ಟರೆ ಮುಗಿಯಿತು. ಅಷ್ಟರಲ್ಲಿ ಆ ಬೆರಳುಗಳು ತಮ್ಮ ಪಾಡಿಗೆ ತಾವು ಇನ್ನೊಂದಿಷ್ಟು ಹೂವು ಎಳೆದವು, ಆಮೇಲೆ ದಾರ ಹರಿದವು. ಕೋಪ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ.

ಮೇಷ್ಟ್ರು ಹೂವನ್ನೂ ದಾರವನ್ನೂ ತಮ್ಮಯ್ಯನ ಕೈಗೆ ಕೊಟ್ಟರು. "ಅಳಿಯಪ್ಪ. ಹರಿದುಕೊಟ್ಟದ್ದು ಪೂರ್ತಿ ಅಳಿ."

ತಮ್ಮಯ್ಯ ಅಳೆದ. ಇನ್ನೊಂದು ಸಲ ಅಳೆದ. "ಜಾಸ್ತಿನೇ ಐತೆ ಸಾ," ಅಂದ, ನೆಲ ನೋಡಿಕೊಂಡು.

"ಯಾಕೆ? ನಿನ್ನೆ ಕಮ್ಮಿ ಇತ್ತಲ್ಲ?"

"ನಿನ್ನೆ ಕೈ ಮ್ಯಾಲೇ ಅಳದ್ಬುಟ್ವಿ ಸಾ. ಕೊಸರು ಬುಟ್ಟೋಗಿತ್ತು."

ಅಷ್ಟರಲ್ಲಿ ಬಸ್ಸು ಬಂತು, ಗಿರಾಕಿಗಳು ಬಂದರು. ಮಕ್ಕಳು ಸುಮ್ಮನೆ ನಿಂತು ನೋಡಿದರು. ಬಸುರಿ ಹೆಂಗಸಿಗೆ ಕೊಸರು ಹೆಚ್ಚಿಗೆ ಹೋಯಿತು, ದೇವರಿಗೆ ಅಂದವರಿಗೆ ಇನ್ನೂ ಹೆಚ್ಚು, ಬಿರುಸಾಗಿ ಚೌಕಾಸಿ ಮಾಡಿದವನಿಗೆ ನಾಲ್ಕೇ ನಾಲ್ಕು ಹೂವು.

"ಸಾ, ಕೊಸರು ಒಬ್ಬೊಬ್ರಿಗೆ ಒಂದೊಂದ್ ಥರ ಅದೆ. ಇದನ್ನ ಲೆಕ್ಕದಾಗೆ ಎಂಗೆ ಬರೆಯೋದು?" ಕೇಳಿದ್ದು ಚಿಕ್ಕಬೋರಮ್ಮ, ಬುಟ್ಟಿಯ ಹಿಂದಿನಿಂದಲೇ.

ಮೇಷ್ಟ್ರು ಅಲ್ಲೇ ಮಣ್ಣಿನಲ್ಲಿ ಕಡ್ಡಿಯಿಂದ ಬರೆದರು: ಮೊಳ, ಕೂಡಿಸು ಕೊಸರು. "ಎಷ್ಟು ಅಂತ ಗೊತ್ತಿಲ್ಲದ್ದಕ್ಕೆ ಒಂದು ಹೆಸರು ಕೊಟ್ಟು ಲೆಕ್ಕದೊಳಗೆ ಕೂರಿಸ್ಕೋಬೇಕು ಮಗು. ಗೊತ್ತಿಲ್ಲ ಅಂತ ಹೊರಗೆ ಬಿಟ್ಟರೆ ಏನಾಗುತ್ತೆ, ನಿನ್ನೆ ನೋಡಿದ್ರಲ್ಲ." ಬೀಜಗಣಿತ ಮಾದನಕೊಪ್ಪಲಿಗೆ ಬಂದದ್ದು ಹೀಗೆ, ಅರಳಿಮರದ ಕೆಳಗೆ.

ತಮ್ಮಯ್ಯ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಅತ್ತೆ, ತಪ್ಪಾಯ್ತು ಕನತ್ತೆ."

"ತಪ್ಪಂತೆ ತಪ್ಪು! ನಿಮ್ಮಪ್ಪಂಗೆ ಯೋಳು, ಗೌರಿ ಅಬ್ಬಕ್ಕೆ ಒಂದ್ ಕುಚ್ಚು ಸೇವಂತ್ಗೆ ಜಾಸ್ತಿ ತಗಳಕ್ಕೆ," ಅಂದಳು ಮುತ್ತಮ್ಮ. ನಗು ಬಂದರೂ ಬಿಗಿಹಿಡಿದಿದ್ದಳು. ಮಗಳ ಹೆಸರಿನ ಮಾತು ಮಾತ್ರ ಎತ್ತಲಿಲ್ಲ. ಮೇಷ್ಟ್ರೂ ಕೇಳಲಿಲ್ಲ.

ಎರಡು ದಿನ ಹಾಗೇ ಹೋಯಿತು. ಜುಲೈಯ ಕೊನೆಯ ದಿನ ಮಧ್ಯಾಹ್ನ ಮುತ್ತಮ್ಮ ಹೂವು ಕೊಡಲು ಬಂದವಳು, ಕೊಟ್ಟಾದರೂ ಹೋಗದೆ ಕಂಬಕ್ಕೆ ಒರಗಿ ನಿಂತಳು.

"ಮೇಷ್ಟ್ರಮ್ಮಾರೆ, ನಾಲೆ ತಾವ ಕಂಬ್ಳಿ ಒಳ್ಗೆ ಅದೇನೋ ಕಾಣ್ತದಂತಲ್ಲ. ಎಲ್ರೂ ನೋಡವ್ರಂತೆ. ನಾನೇ ನೋಡಿಲ್ಲ."

ಪಾರ್ವತಮ್ಮ ಒಲೆಯ ಮೇಲಿದ್ದದ್ದನ್ನು ಇಳಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಟೇಬಿಟ್ಟಳು. ನಾಲೆಯ ಹತ್ತಿರ ಮೇಷ್ಟ್ರೂ ಮಕ್ಕಳೂ ಇದ್ದರು. ಚಿಕ್ಕಬೋರಮ್ಮ ದೂರದಲ್ಲಿ, ಹೊಂಗೆಮರದ ಕೆಳಗೆ ನಿಂತು ನೋಡುತ್ತಿದ್ದಳು. ಮುತ್ತಮ್ಮ ಯಾರ ಮುಖವನ್ನೂ ನೋಡದೆ ಸೀದಾ ಹೋಗಿ ಕಂಬಳಿಯೊಳಗೆ ತಲೆ ತೂರಿಸಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಕಂಬಳಿಯೊಳಗಿನಿಂದ ದನಿ ಮಾತ್ರ ಬಂತು.

"ಬೋರಿ! ಇದ್ಕೆ ಎಣ್ಣೆ ಯಾರ್ ಉಯ್ತಾರೆ?"

ಚಿಕ್ಕಬೋರಮ್ಮ ಓಡಿ ಬಂದಳು. "ಯಾರೂ ಉಯ್ಯಲ್ಲ ಕನವ್ವ. ನೀರು ತಿರುಗುಸ್ತದೆ. ದೊಡ್ಡದು ಒಂದ್ ಸುತ್ತು ಬಂದ್ರೆ ಸಣ್ಣದು ಇಪ್ಪತ್ತಾರು ಸುತ್ತು ಬರ್ತದೆ."

"ನೀನ್ ಎಣ್ಸಿದ್ಯಾ?"

"ಎಣ್ಸಕ್ಕಾಗಲ್ಲ ಕನವ್ವ. ಲೆಕ್ಕ ಆಕಿ ಕಂಡಿಡ್ದೆ."

ಆಮೇಲೆ ಮುತ್ತಮ್ಮ ಹೊರಗೆ ಬಂದು, ಕೂದಲು ಸರಿಮಾಡಿಕೊಂಡು, ಕಣ್ಣು ಉಜ್ಜಿಕೊಂಡಳು. ಬಿಸಿಲಿಗೋ ಏನೋ.

"ಬರ್ಕಳಿ ಮೇಷ್ಟ್ರೇ, ಅವ್ಳ ಎಸ್ರ," ಅಂದಳು. "ಆದ್ರೆ ಈ ಮಕ್ಳಿಗೆ ಮೊಳ ಕಲ್ಸೋವಾಗ್ಲೇ ಕೊಸರೂ ಕಲ್ಸಿ. ಬರೀ ಮೊಳ ಕಲ್ತೋರು ಎತ್ತೋರ್ನೂ ಅಳೀತಾರೆ."

ಹೆಡ್‌ಮಾಸ್ಟರು ಅವತ್ತು ಸಂಜೆಯೇ ಹತ್ತು ಹೆಸರಿನ ಪಟ್ಟಿಗೆ ಸಹಿ ಹಾಕಿದರು. ಸೆಕ್ಷನ್ ಉಳಿಯಿತು. ಮೇಷ್ಟ್ರು ಆ ಊರಿನಲ್ಲಿ ಇನ್ನೂ ಬಹಳ ಕಾಲ ಇದ್ದರು, ಆಮೇಲೆ ನಾಗಮಂಗಲಕ್ಕೂ ಪಾಂಡವಪುರಕ್ಕೂ ವರ್ಗವಾಗಿ ಹೋದರು. ಹೋದ ಕಡೆಯೆಲ್ಲ ಗೊತ್ತಿಲ್ಲದ ಸಂಖ್ಯೆಗೆ ಕೊಸರು ಅಂತಲೇ ಹೆಸರಿಟ್ಟರು. ತಪಾಸಣೆಗೆ ಬಂದ ಸಾಹೇಬರೊಬ್ಬರು, "ಕೊಸರು ಕಂಡುಹಿಡಿಯಿರಿ" ಅಂತ ಬೋರ್ಡಿನ ಮೇಲೆ ಬರೆದಿದ್ದನ್ನು ನೋಡಿ, ಇದು ಗಣಿತದ ಕ್ಲಾಸೋ ಸಂತೆಯೋ ಅಂತ ಕೇಳಿದ್ದರಂತೆ. ಎರಡೂ ಸ್ವಾಮಿ, ಅಂದಿದ್ದರಂತೆ ಮೇಷ್ಟ್ರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಜುಲೈಯ ಕೊನೆಯ ದಿನ ಮೇಷ್ಟ್ರು ಮನೆಗೆ ಬಂದಾಗ ಪಾರ್ವತಮ್ಮ ಒಲೆಯ ಮುಂದೆ ಮಣೆ ಹಾಕಿಟ್ಟಿದ್ದಳು. ಊಟವಾಯಿತು. ಮೇಷ್ಟ್ರಿಗೆ ಹೇಳುವುದು ಬೇಕಾದಷ್ಟಿತ್ತು, ಕೈ ಆಗಲೇ ಎಲೆಅಡಿಕೆ ತಟ್ಟೆಯ ಕಡೆ ಹೋಗಿತ್ತು. ಪಾರ್ವತಮ್ಮ ತಟ್ಟೆಯನ್ನು ಮೆಲ್ಲಗೆ ತನ್ನ ಹಿಂದಕ್ಕೆ ಸರಿಸಿಕೊಂಡಳು.

"ಏನೇನು ಹೇಳೋದೈತೋ ಮೊದ್ಲು ಹೇಳ್ಬುಡಿ," ಅಂದಳು. "ಆಮೇಲೆ ಬಾಯಿಗೆ ಹಾಕ್ಕೊಳೋರಂತೆ."